ಬೊಮ್ಮಾಯಿಯವರ ತೀರ್ಪು ಮತ್ತು ನಾಲ್ಕು ತಾಲೂಕುಗಳ ಮತದಾರರು



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬೀ ನಾಲ್ಕು ತಾಲೂಕುಗಳಲ್ಲಿ ಎಲ್ಲಿಯೇ ಸಭೆ ಸೇರಲಿ, ರಾಜಕಾರಣದ ಮಾತು ಬಂದೊಡನೆ ವೇದಿಕೆಯ ಮೇಲಿನವರು ಒಂದು ಹೆಸರನ್ನು ಅಭಿಮಾನದಿಂದ ಉಚ್ಚರಿಸದೆ ಬಿಡುವುದಿಲ್ಲ. ಅದು ಸೋಮಪ್ಪ ರಾಯಪ್ಪ ಬೊಮ್ಮಾಯಿಯವರ ಹೆಸರು. 1924ರಲ್ಲಿ ಶಿಗ್ಗಾಂವಿ-ಸವಣೂರು ಸೀಮೆಯ ಕಾರಡಗಿಯಲ್ಲಿ ಜನಿಸಿ, ಕರ್ನಾಟಕದ ಮುಖ್ಯಮಂತ್ರಿಯಾಗಿ, ಮುಂದೆ ಕೇಂದ್ರದಲ್ಲಿ ಮಂತ್ರಿಯೂ ಆದವರು. ದೇಶದ ಯಾವ ಮೂಲೆಯಲ್ಲಿಯೇ ಸಂವಿಧಾನವನ್ನು ಅಭ್ಯಸಿಸುವ ವಿದ್ಯಾರ್ಥಿಯಾಗಲಿ, ಅವರ ಹೆಸರಿನ ಮೊಕದ್ದಮೆಯನ್ನು ಓದದೆ ಪರೀಕ್ಷೆಗೆ ಕೂಡ್ರುವಂತಿಲ್ಲ. ಇಷ್ಟನ್ನು ಹೇಳಿದರೆ ಚಪ್ಪಾಳೆ ಬೀಳುತ್ತದೆ. ಆದರೆ ಆ ಮೊಕದ್ದಮೆಯಲ್ಲಿ ತೀರ್ಮಾನವಾದದ್ದೇನು ಎಂದು ಯಾರಾದರೂ ಎದ್ದು ನಿಂತು ಕೇಳಿದರೆ ವೇದಿಕೆಯೂ ಮೌನ, ಸಭೆಯೂ ಮೌನ.

ಅಭಿಮಾನ ತಪ್ಪೆಂದು ನಾನು ಹೇಳುವುದಿಲ್ಲ. ಏತಕ್ಕಾಗಿ ಅಭಿಮಾನವೋ ಅದನ್ನೇ ಅರಿಯದ ಅಭಿಮಾನ ಬರಿಯ ‘ನಮ್ಮವರು’ ಎಂಬ ಮಾತಿಗೆ ಬಂದು ನಿಲ್ಲುತ್ತದೆ. ಆದುದರಿಂದ, ಕೆಲವರಿಗೆ ಕಹಿಯೆನಿಸಿದರೂ ಆಗಲಿ, ಒಂದು ಮಾತನ್ನು ನೇರವಾಗಿಯೇ ಹೇಳುತ್ತೇನೆ: ರಾಜ್ಯದ ಸರಕಾರ ಇರಬೇಕೋ ಬೀಳಬೇಕೋ ಎಂಬ ನಿರ್ಣಯವನ್ನು ಆ ತೀರ್ಪು ದಿಲ್ಲಿಯ ಕೈಯಿಂದ ಬಿಡಿಸಿ ವಿಧಾನಸಭೆಯ ಕೈಗೆ ಒಪ್ಪಿಸಿತು. ಆ ತೀರ್ಪಿನ ತವರಿನ ಮತದಾರರಾದ ನಾವು ಆ ವಿಧಾನಸಭೆಯ ಬೆಲೆಯನ್ನು ನಮ್ಮ ಕೈಯಾರೆ ಇಳಿಸುತ್ತಲಿದ್ದೇವೆ.

ಈ ಮಾತಿಗೆ ಮೊದಲು ಬರುವ ಆಕ್ಷೇಪ ನನಗೆ ಗೊತ್ತು. ‘ದಿಲ್ಲಿ ದೂರ. ಅಲ್ಲಿಯ ಸರಕಾರ, ಅದರ ಕಲಮು, ಅದರ ಕೋರ್ಟು ಎಲ್ಲವೂ ವಕೀಲರ ವಿಷಯ. ಒಕ್ಕಲಿಗನಿಗೆ ಅದರಿಂದೇನು?’ ಎಂಬುದು. ಈ ಮಾತನ್ನು ಬೇರೆ ಯಾರೇ ಆಡಲಿ, ಈ ನಾಲ್ಕು ತಾಲೂಕುಗಳವರು ಆಡಬಾರದು. ಸವಣೂರಿನವರು ಮೊದಲೇ ಆಡಬಾರದು. ಸವಣೂರು ನವಾಬರ ಸಂಸ್ಥಾನವಾಗಿತ್ತು. ಅಲ್ಲಿ ಸರಕಾರವೆಂದರೆ ನವಾಬರು, ಅವರ ಮೇಲೆ ಬ್ರಿಟಿಷ್ ಸರಕಾರದ ಅಧಿಕಾರಿ. ಅದು ಭಾರತದಲ್ಲಿ ವಿಲೀನವಾದದ್ದು 1948ರ ಮಾರ್ಚ್ 8ರಂದು. ಉಳಿದ ಮೂರು ತಾಲೂಕುಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯವು. ಹಳೆಯ ಸರಕಾರಿ ಕಾಗದಪತ್ರಗಳಲ್ಲಿ ಹಿರೇಕೆರೂರಿನ ಸೀಮೆಗೆ ಕೋಡ ತಾಲೂಕು ಎಂದೂ ಶಿಗ್ಗಾಂವಿಯ ಸೀಮೆಗೆ ಬಂಕಾಪುರ ತಾಲೂಕು ಎಂದೂ ಹೆಸರು.

ಮುಂಬಯಿ ಪ್ರಾಂತದಲ್ಲಿ 1937ರ ಚುನಾವಣೆಯ ತರುವಾಯ ಜನರಿಂದ ಆರಿಸಿ ಬಂದವರ ಮಂತ್ರಿಮಂಡಲವೊಂದು, ಬಾಳಾಸಾಹೇಬ ಖೇರ ಅವರ ನೇತೃತ್ವದಲ್ಲಿ, ನಡೆಯಿತು. ಜನರನ್ನು ಒಂದು ಮಾತೂ ಕೇಳದೆ ಭಾರತವನ್ನು ಮಹಾಯುದ್ಧಕ್ಕೆ ಎಳೆದುದನ್ನು ಪ್ರತಿಭಟಿಸಿ ಅದು 1939ರ ನವೆಂಬರದಲ್ಲಿ ರಾಜೀನಾಮೆ ಕೊಟ್ಟಿತು. ಕೂಡಲೆ 1935ರ ಭಾರತ ಸರಕಾರದ ಕಾಯಿದೆಯ 93ನೆಯ ಕಲಮಿನ ಮೇರೆಗೆ ಗವರ್ನರನೇ ಆಡಳಿತವನ್ನು ಕೈಗೆ ತೆಗೆದುಕೊಂಡ. 1946ರ ವರೆಗೆ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರುಗಳು ಆ ಏಕವ್ಯಕ್ತಿಯ ಆಳ್ವಿಕೆಯಲ್ಲಿ ಇದ್ದವು. ನೆರೆಯ ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಮೈಲಾರ ಮಹಾದೇವನು ಗುಂಡಿಗೆ ಬಲಿಯಾದಾಗ, ‘ಏಕೆ ಹೊಡೆದಿರಿ?’ ಎಂದು ಜನಪ್ರತಿನಿಧಿಗಳು ಕೇಳಬಹುದಾದ ಮಂತ್ರಿಮಂಡಲವೇ ಮುಂಬಯಿಯಲ್ಲಿ ಇರಲಿಲ್ಲ. ಆ 93ನೆಯ ಕಲಮು ಎಂದರೇನೆಂಬುದನ್ನು ನಮ್ಮ ಹಿರಿಯರು ಪುಸ್ತಕದಿಂದ ಕಲಿಯಲಿಲ್ಲ.

ಹೀಗಿರಲು, ಸ್ವತಂತ್ರ ಭಾರತದ ಸಂವಿಧಾನದಲ್ಲಿ ಅದೇ ಕಲಮು ಬೇರೆ ರೂಪದಿಂದ, 356 ಎಂಬ ಅಂಕೆಯಿಂದ, ಉಳಿದುಕೊಂಡಿತು. ರಾಜ್ಯದಲ್ಲಿ ಸಂವಿಧಾನದ ಮೇರೆಗೆ ಆಡಳಿತ ನಡೆಯುವುದು ಅಸಾಧ್ಯವೆಂದು ರಾಷ್ಟ್ರಪತಿಗಳಿಗೆ ಮನದಟ್ಟಾದರೆ ಅವರು ಆ ರಾಜ್ಯದ ಸರಕಾರವನ್ನು ತೆಗೆದು ಆಡಳಿತವನ್ನು ತಾವೇ ವಹಿಸಿಕೊಳ್ಳಬಹುದು. ಸಂವಿಧಾನ ಸಭೆಯಲ್ಲಿ ಹಲವು ಸದಸ್ಯರು ಇದನ್ನು ವಿರೋಧಿಸಿದರು. ಡಾ. ಅಂಬೇಡಕರರು 1949ರ ಆಗಸ್ಟದಲ್ಲಿ ಉತ್ತರ ಕೊಡುತ್ತ, ಈ ಕಲಮು ಬಳಕೆಗೆ ಬಾರದೆ ಸತ್ತ ಅಕ್ಷರವಾಗಿಯೇ ಉಳಿಯಲೆಂದು ಆಶಿಸಿದರು. ಅವರ ಆಶೆ ಫಲಿಸಲಿಲ್ಲ. 1994ರ ಹೊತ್ತಿಗೆ ಅದನ್ನು 90ಕ್ಕೂ ಹೆಚ್ಚು ಸಲ ಬಳಸಲಾಗಿತ್ತು.

ಈ ಯಂತ್ರ ನಡೆಯುವ ಬಗೆಯನ್ನು ವಾಚಕರು ತುಸು ಗಮನವಿಟ್ಟು ನೋಡಬೇಕು. ರಾಷ್ಟ್ರಪತಿಗಳು ತಮ್ಮಷ್ಟಕ್ಕೆ ಏನನ್ನೂ ಮಾಡುವವರಲ್ಲ. 74ನೆಯ ಕಲಮಿನ ಮೇರೆಗೆ ಕೇಂದ್ರ ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರು. ರಾಜ್ಯಪಾಲರನ್ನು ನೇಮಿಸುವವರೂ ಅದೇ ಸಲಹೆಯ ಮೇಲಿನಿಂದ ರಾಷ್ಟ್ರಪತಿಗಳೇ. ಅವರ ಇಚ್ಛೆ ಇರುವ ತನಕ ಮಾತ್ರ ರಾಜ್ಯಪಾಲರು ಆ ಸ್ಥಾನದಲ್ಲಿರುತ್ತಾರೆ. ಹೀಗೆ ವರದಿ ಕಳಿಸುವ ರಾಜ್ಯಪಾಲರೂ ದಿಲ್ಲಿಯ ನೇಮಕ, ವರದಿಯನ್ನು ಓದಿ ಸಲಹೆ ಕೊಡುವವರೂ ದಿಲ್ಲಿಯವರೇ. ನಡುವೆ ಇದ್ದ ಒಂದೇ ತಡೆಯೆಂದರೆ ಲೋಕಸಭೆ ಮತ್ತು ರಾಜ್ಯಸಭೆಗಳೆರಡೂ ಎರಡು ತಿಂಗಳೊಳಗೆ ಘೋಷಣೆಯನ್ನು ಒಪ್ಪಬೇಕೆಂಬುದು. ಆದರೆ ಅಷ್ಟರೊಳಗೆ ವಿಧಾನಸಭೆಯನ್ನೇ ವಿಸರ್ಜಿಸಿಬಿಟ್ಟರೆ ಒಪ್ಪಿಗೆ ಸಿಕ್ಕರೇನು, ಬಿಟ್ಟರೇನು? ಮನೆ ಕೆಡವಿದ ಮೇಲೆ ಪಂಚರನ್ನು ಕರೆದಂತೆ.

ಈ ಅಸ್ತ್ರವನ್ನು ಒಂದೇ ಪಕ್ಷ ಹಿಡಿಯಿತೆಂದು ತಿಳಿಯಬೇಡಿರಿ. 1959ರಲ್ಲಿ ಕೇರಳದ ಸರಕಾರವನ್ನು ತೆಗೆದದ್ದು ಕಾಂಗ್ರೆಸ್ಸು. 1977ರಲ್ಲಿ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರಕಾರಗಳನ್ನು ಒಮ್ಮೆಲೆ ತೆಗೆದದ್ದು ಜನತಾ ಸರಕಾರ. ಅದೇ ವರ್ಷದ ಡಿಸೆಂಬರ್ 31ರಂದು ನಮ್ಮ ರಾಜ್ಯದ ದೇವರಾಜ ಅರಸರ ಸರಕಾರವನ್ನೂ ಅದು ವಜಾ ಮಾಡಿತು. ಎರಡೇ ತಿಂಗಳಲ್ಲಿ ಜನರು ಅರಸರನ್ನು ಮತ್ತೆ ಆರಿಸಿ ಕಳಿಸಿದರೆಂಬುದು ಬೇರೆ ಮಾತು. 1980ರಲ್ಲಿ ಇಂದಿರಾ ಗಾಂಧಿಯವರ ಸರಕಾರ ಒಂಬತ್ತಕ್ಕೆ ಒಂಬತ್ತರ ಲೆಕ್ಕವನ್ನೇ ತೀರಿಸಿತು. ಬೊಮ್ಮಾಯಿಯವರು ಇದ್ದದ್ದು ಜನತಾ ಪಕ್ಷದಲ್ಲಿ ಎಂಬುದನ್ನು ನಾವು ಮರೆಯತಕ್ಕದ್ದಲ್ಲ. ತಮ್ಮ ಪಕ್ಷ ಇತರರ ಮೇಲೆ ಬೀಸಿದ ಕತ್ತಿಯೇ ಹನ್ನೆರಡು ವರ್ಷಗಳ ತರುವಾಯ ಅವರ ಕೊರಳಿಗೆ ಬಂದಿತು.

ಅದು ಬಂದ ರೀತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ತೀರ್ಪಿನ ತಿರುಳೆಲ್ಲ ಆ ನಾಲ್ಕೈದು ದಿನಗಳಲ್ಲಿಯೇ ಇದೆ. ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟ ಮೇಲೆ 1988ರ ಆಗಸ್ಟದಲ್ಲಿ ಬೊಮ್ಮಾಯಿಯವರು ಮುಖ್ಯಮಂತ್ರಿಗಳಾದರು. 1989ರ ಏಪ್ರಿಲ್ ಮಧ್ಯದಲ್ಲಿ ಮಂತ್ರಿಮಂಡಲ ವಿಸ್ತಾರವಾಯಿತು. ಅದಾದ ಎರಡೇ ದಿನಕ್ಕೆ ಶಾಸಕರೊಬ್ಬರು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಬಳಿಗೆ ಹೋಗಿ, ಸರಕಾರಕ್ಕೆ ಕೊಟ್ಟ ಬೆಂಬಲವನ್ನು ಹಿಂತೆಗೆದುಕೊಂಡೆವೆಂದು ಬರೆದ 19 ಪತ್ರಗಳನ್ನು ಒಪ್ಪಿಸಿದರು. 19ನೆಯ ತಾರೀಖಿಗೆ ರಾಜ್ಯಪಾಲರ ವರದಿ ದಿಲ್ಲಿಗೆ ಹೊರಟಿತು. ಮರುದಿನವೇ ಆ 19ರಲ್ಲಿ ಏಳು ಜನ ಶಾಸಕರು, ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿದೆ, ತಾವು ಸರಕಾರದ ಜೊತೆಯಲ್ಲಿಯೇ ಇದ್ದೇವೆಂದು ಬರೆದು ತಿಳಿಸಿದರು. ಮುಖ್ಯಮಂತ್ರಿಗಳು ರಾಜಭವನಕ್ಕೆ ಹೋಗಿ, 27ಕ್ಕೆ ಗೊತ್ತಾಗಿದ್ದ ಅಧಿವೇಶನವನ್ನು ಬೇಕಾದರೆ ಇನ್ನೂ ಮೊದಲೇ ಕರೆಯಿರಿ, ಸದನದಲ್ಲಿಯೇ ಬಹುಮತವನ್ನು ತೋರಿಸುತ್ತೇನೆಂದು ಕೇಳಿಕೊಂಡರು. ರಾಜ್ಯಪಾಲರು ಒಪ್ಪಲಿಲ್ಲ. ಎರಡನೆಯ ವರದಿ ಹೋಯಿತು. ಏಪ್ರಿಲ್ 21ರಂದು ಸರಕಾರ ವಜಾ, ವಿಧಾನಸಭೆ ವಿಸರ್ಜನೆ.

ಇದರಲ್ಲಿ ಆದ ಅನ್ಯಾಯವೇನು? ಬೊಮ್ಮಾಯಿಯವರಿಗೆ ಬಹುಮತ ಇತ್ತೆಂದು ನಾನು ವಾದಿಸುವುದಿಲ್ಲ. ಇದ್ದಿತೋ ಇಲ್ಲವೋ ಎಂದು ಇಂದಿಗೂ ಯಾರೂ ಹೇಳಲಾರರು. ಹೇಳಲಾಗದಂತೆ ಮಾಡಿದ್ದೇ ಅನ್ಯಾಯ. ನಮ್ಮ ಒಕ್ಕಲುತನದ ಮಾತಿನಲ್ಲಿ ಹೇಳುವುದಾದರೆ, ರಾಶಿಯನ್ನು ಅಳೆಯುವುದು ಕಣದಲ್ಲಿ, ನಾಲ್ಕು ಜನರ ಕಣ್ಣೆದುರಿಗೆ, ಕೊಳಗ ಹಿಡಿದು. ಗೌಡರ ಪಡಸಾಲೆಯಲ್ಲಿ ಕುಳಿತು, ‘ನಿನ್ನ ರಾಶಿ ಇಷ್ಟೇ ಇರಬೇಕು’ ಎಂದು ಅಂದಾಜಿನ ಚೀಟಿ ಬರೆದು ಹೊಲವನ್ನು ಜಪ್ತಿ ಮಾಡಿದರೆ ಯಾವ ರೈತನು ಒಪ್ಪಿಯಾನು? 1989ರಲ್ಲಿ ಆದದ್ದು ಅದೇ. ರಾಜಭವನದ ಪಡಸಾಲೆಯಲ್ಲಿ ರಾಶಿ ಅಳೆಯಲಾಯಿತು.

ಕರ್ನಾಟಕದ ಉಚ್ಚ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಬೊಮ್ಮಾಯಿಯವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ರಾಷ್ಟ್ರಪತಿಗಳ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು; ಸರಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದನ್ನು ನೋಡತಕ್ಕ ಸ್ಥಳ ಸದನವೇ ಹೊರತು ಯಾವೊಬ್ಬ ವ್ಯಕ್ತಿಯ, ಅವರು ರಾಜ್ಯಪಾಲರೇ ಇರಲಿ, ಸ್ವಂತ ಅಭಿಪ್ರಾಯವಲ್ಲ; ಸಂಸತ್ತಿನ ಎರಡೂ ಸದನಗಳು ಒಪ್ಪುವ ವರೆಗೆ ವಿಧಾನಸಭೆಯನ್ನು ವಿಸರ್ಜಿಸತಕ್ಕದ್ದಲ್ಲ; ಘೋಷಣೆ ತಪ್ಪೆಂದು ಕಂಡರೆ ತೆಗೆದ ಸರಕಾರವನ್ನು ಮರಳಿ ಕೂಡ್ರಿಸಲೂಬಹುದು. ಕರ್ನಾಟಕದ ಘೋಷಣೆಯ ಜೊತೆಗೆ ನಾಗಾಲ್ಯಾಂಡ, ಮೇಘಾಲಯಗಳ ಘೋಷಣೆಗಳೂ ಸಂವಿಧಾನಬಾಹಿರವೆಂದು ನಿರ್ಣಯವಾಯಿತು. ಮತನಿರಪೇಕ್ಷತೆ ಸಂವಿಧಾನದ ಮೂಲರಚನೆಗೆ ಸೇರಿದ್ದೆಂದೂ ಅದೇ ತೀರ್ಪು ಸಾರಿತು. ಆ ಆಧಾರದ ಮೇಲಿನಿಂದ 1992ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳಲ್ಲಿ ಕೈಕೊಂಡ ಕ್ರಮವನ್ನು ಎತ್ತಿಹಿಡಿಯಿತು. ಬೊಮ್ಮಾಯಿಯವರಿಗೆ ಮಾತ್ರ ಅವರ ಕುರ್ಚಿ ಮರಳಲಿಲ್ಲ. ನಡುವೆ ಐದು ವರ್ಷಗಳು ಸಂದುಹೋಗಿದ್ದವು.

ಈ ತೀರ್ಪು ಪುಸ್ತಕದಲ್ಲಿಯೇ ಉಳಿಯಲಿಲ್ಲ. 1999ರಲ್ಲಿ ಬಿಹಾರದ ಸರಕಾರವನ್ನು ತೆಗೆದಾಗ ರಾಜ್ಯಸಭೆಯಲ್ಲಿ ಬೆಂಬಲ ದೊರೆಯದೆಂದು ಕಂಡು ಕೇಂದ್ರವು ಘೋಷಣೆಯನ್ನು ಹಿಂದಕ್ಕೆ ಪಡೆಯಿತು. ವಿಧಾನಸಭೆ ಇನ್ನೂ ಜೀವಂತವಿದ್ದುದರಿಂದ ತೆಗೆದ ಸರಕಾರವೇ ಮರಳಿ ಬಂದಿತು. 2018ರ ಮೇ ತಿಂಗಳಲ್ಲಿ ನಮ್ಮ ವಿಧಾನಸೌಧದಲ್ಲಿಯೇ ಅದರ ಬಲವನ್ನು ಕಂಡೆವು. ಬಹುಮತ ತೋರಿಸಲು ರಾಜ್ಯಪಾಲರು ಕೊಟ್ಟ 15 ದಿನಗಳ ಅವಧಿಯನ್ನು ಸರ್ವೋಚ್ಚ ನ್ಯಾಯಾಲಯ ಮೊಟಕುಗೊಳಿಸಿ 19ನೆಯ ತಾರೀಖಿಗೇ ಸದನದಲ್ಲಿ ಎಣಿಸಬೇಕೆಂದು ಆಜ್ಞಾಪಿಸಿತು. ಯಡಿಯೂರಪ್ಪನವರು ಎಣಿಕೆಗೆ ಮೊದಲೇ ರಾಜೀನಾಮೆ ಕೊಟ್ಟರು. ಕಣಕ್ಕೇ ರಾಶಿ ಬಂದಿತು, ಪಡಸಾಲೆಯ ಚೀಟಿಗೆ ಬೆಲೆ ಉಳಿಯಲಿಲ್ಲ.

ಆದರೆ, ವಾಚಕರೇ, ಕಣಕ್ಕೆ ಬರುವ ದಾರಿಯಲ್ಲಿಯೇ ಒಬ್ಬನ ಚೀಲಗಳು ಇನ್ನೊಬ್ಬನ ಬಂಡಿಗೆ ಏರಿದರೆ ಕೊಳಗ ಏನು ಮಾಡೀತು? ನ್ಯಾಯಾಲಯ ಅಳೆಯುವ ಸ್ಥಳವನ್ನು ನಿಶ್ಚಯಿಸಬಲ್ಲುದು. ಕಾಳಿಗೆ ಕಾವಲು ಕೂಡ್ರಲಾರದು. ಅದು ಆರಿಸಿ ಕಳಿಸಿದವರ ಕೆಲಸ. ಆ ಕೆಲಸದಲ್ಲಿ ನಮ್ಮ ನಾಲ್ಕು ತಾಲೂಕುಗಳ ನಡತೆ ಹೇಗಿದೆಯೆಂದು ಈಗ ನೋಡೋಣ.

ನಾಲ್ಕು ತಾಲೂಕುಗಳಿಗೆ ಹಾನಗಲ್ಲ, ಹಿರೇಕೆರೂರು, ಶಿಗ್ಗಾಂವಿ ಎಂಬ ಮೂರು ಮುಖ್ಯ ವಿಧಾನಸಭಾ ಕ್ಷೇತ್ರಗಳು. ಸವಣೂರಿನವರು ಮತ ಹಾಕುವುದು ಶಿಗ್ಗಾಂವಿಯ ಕ್ಷೇತ್ರಕ್ಕೆ. 2019ರಿಂದ 2024ರ ವರೆಗಿನ ಐದು ವರ್ಷಗಳಲ್ಲಿ ಈ ಮೂರೂ ಕ್ಷೇತ್ರಗಳಲ್ಲಿ ಒಂದೊಂದು ಉಪಚುನಾವಣೆ ನಡೆಯಿತು. ಹಾನಗಲ್ಲಿನಲ್ಲಿ 2021ರ ಅಕ್ಟೋಬರದಲ್ಲಿ ನಡೆದದ್ದು ಸಿ.ಎಂ. ಉದಾಸಿಯವರ ನಿಧನದಿಂದ, ಅದಕ್ಕೆ ಯಾರೂ ಹೊಣೆಯಲ್ಲ. ಶಿಗ್ಗಾಂವಿಯಲ್ಲಿ 2024ರ ನವೆಂಬರದಲ್ಲಿ ನಡೆದದ್ದು, 2023ರಲ್ಲಿ ಅಲ್ಲಿಂದ ಆರಿಸಿಬಂದ ಬಸವರಾಜ ಬೊಮ್ಮಾಯಿಯವರು ಮರುವರ್ಷವೇ ಹಾವೇರಿಯಿಂದ ಲೋಕಸಭೆಗೆ ಹೋದುದರಿಂದ. ಕಾನೂನಿಗೆ ಇದು ವಿರುದ್ಧವಲ್ಲ; ಆದರೂ ಐದು ವರ್ಷಗಳ ಒಪ್ಪಂದ ಒಂದೇ ವರ್ಷಕ್ಕೆ ಮುಗಿಯಿತೆಂದು ಹೇಳದೆ ಗತ್ಯಂತರವಿಲ್ಲ. ಮೂರನೆಯದು ಹಿರೇಕೆರೂರಿನದು. ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು ಅದೇ.

2018ರಲ್ಲಿ ಬಿ.ಸಿ. ಪಾಟೀಲರು ಕಾಂಗ್ರೆಸ್ಸಿನಿಂದ ನಿಂತು ಗೆದ್ದರು. 2019ರ ಜುಲೈಯಲ್ಲಿ ಆಡಳಿತಪಕ್ಷಗಳ ಹಲವು ಶಾಸಕರೊಂದಿಗೆ ಅವರೂ ರಾಜೀನಾಮೆ ಕೊಟ್ಟರು. 23ರಂದು ಸದನದಲ್ಲಿ 99ಕ್ಕೆ 105 ಮತಗಳಿಂದ ಕುಮಾರಸ್ವಾಮಿಯವರ ಸರಕಾರ ಬಿದ್ದಿತು. ಗಮನಿಸಿರಿ: ಬಹುಮತವನ್ನು ಎಣಿಸಿದ್ದು ಸದನದಲ್ಲಿಯೇ, ಬೊಮ್ಮಾಯಿ ತೀರ್ಪು ಹೇಳಿದಂತೆಯೇ. ಒಂದು ಅಕ್ಷರವೂ ಮೀರಲಿಲ್ಲ. ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹರೆಂದು ಸಾರಿದರು. ಸರ್ವೋಚ್ಚ ನ್ಯಾಯಾಲಯ ನವೆಂಬರ್ 13ರಂದು ಆ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಆ ವಿಧಾನಸಭೆಯ ಅವಧಿ ಮುಗಿಯುವ ತನಕ ಸ್ಪರ್ಧಿಸಬಾರದೆಂಬ ಭಾಗವನ್ನು ತೆಗೆದುಹಾಕಿತು. ಡಿಸೆಂಬರ್ 5ರಂದು ಉಪಚುನಾವಣೆ. ಪಾಟೀಲರು ಬಿಜೆಪಿಯಿಂದ ನಿಂತರು. ಹಿರೇಕೆರೂರಿನ ಮತದಾರರು ಅವರನ್ನು ಮತ್ತೆ ಆರಿಸಿದರು. ಮುಂದೆ ಅವರು ಕೃಷಿಮಂತ್ರಿಗಳಾದರು. ಅದೇ ವಿಧಾನಸಭೆಯಲ್ಲಿಯೇ, 2021ರ ಜುಲೈಯಲ್ಲಿ, ಎಸ್.ಆರ್. ಬೊಮ್ಮಾಯಿಯವರ ಪುತ್ರರು ಮುಖ್ಯಮಂತ್ರಿಗಳಾದರು. ಇದನ್ನು ನಾನು ವ್ಯಕ್ತಿನಿಂದೆಗಾಗಿ ಬರೆಯುತ್ತಿಲ್ಲ. ಪಕ್ಷಗಳ ಹೆಸರು ಅದಲುಬದಲಾಗಿದ್ದರೂ ನನ್ನ ಮಾತು ಇದೇ ಆಗಿರುತ್ತಿತ್ತು.

ಸಮರ್ಥಿಸುವವರು ಹೇಳುವುದು ಎರಡು ಮಾತು. ಮೊದಲನೆಯದು, ‘ಜನತಾ ನ್ಯಾಯಾಲಯ ಗೆಲ್ಲಿಸಿದ ಮೇಲೆ ಇನ್ನೇನು?’ ಎಂಬುದು. ಈ ವಾದವನ್ನು 1989ಕ್ಕೆ ಹಚ್ಚಿ ನೋಡಿರಿ. ಬೊಮ್ಮಾಯಿಯವರ ಸರಕಾರವನ್ನು ತೆಗೆದ ಏಳು ತಿಂಗಳಿಗೆ ಚುನಾವಣೆ ಆಯಿತು. 224ರಲ್ಲಿ 178 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಜನರು ಕೊಟ್ಟರು. ಜನರ ಮತ ಹಿಂದಿನ ತಪ್ಪನ್ನೆಲ್ಲ ತೊಳೆಯುವುದಾದರೆ ಆ ವಜಾ ನ್ಯಾಯವಾದದ್ದೆಂದು ಒಪ್ಪಬೇಕಾಗುತ್ತದೆ. ತೀರ್ಪಿಗೆ ಅರ್ಥವೇ ಇರುವುದಿಲ್ಲ. ನ್ಯಾಯಾಲಯ ಹಾಗೆ ಒಪ್ಪಲಿಲ್ಲ. ಚುನಾವಣೆ ಮುಂದಿನ ಸರಕಾರವನ್ನು ಕೊಡುತ್ತದೆ. ಹಿಂದೆ ಮುರಿದ ನಿಯಮಕ್ಕೆ ಕ್ಷಮಾಪತ್ರ ಕೊಡುವುದಿಲ್ಲ. ಬೊಮ್ಮಾಯಿಯವರ ಬಗ್ಗೆ ಅಭಿಮಾನಪಡುವವರು ಈ ‘ಜನತಾ ನ್ಯಾಯಾಲಯ’ದ ವಾದವನ್ನು ಮಾಡುವುದು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡಂತೆ.

ಎರಡನೆಯ ಮಾತು ಇನ್ನೂ ಪ್ರಬಲವಾದದ್ದು. ಕಟ್ಟೆಯ ಮೇಲೆ, ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಎಲ್ಲೆಡೆ ಕೇಳಿಬರುವಂಥದು: ‘ನಮ್ಮ ಶಾಸಕ ಆಡಳಿತಪಕ್ಷದಲ್ಲಿದ್ದರೆ ತಾಲೂಕಿಗೆ ಅನುದಾನ ಬರುತ್ತದೆ, ಕೆರೆ ತುಂಬುತ್ತದೆ, ರಸ್ತೆಯಾಗುತ್ತದೆ.’ ಇದನ್ನು ಹೇಳುವವರು ದುಷ್ಟರಲ್ಲ. ಬರಗಾಲ ಕಂಡ, ಗೋವಿನಜೋಳಕ್ಕೂ ಹತ್ತಿಗೂ ಬೆಲೆ ಸಿಗದೆ ನೊಂದ ರೈತರು. ಆದರೆ ಈ ವಾದದೊಳಗೆ ಅಡಗಿರುವುದೇನೆಂದು ವಿಚಾರ ಮಾಡಿರಿ. ಅನುದಾನ ನಮ್ಮ ತೆರಿಗೆಯ ಹಣ, ನಮ್ಮ ಹಕ್ಕು, ಆಳುವವರ ದಾನವಲ್ಲ. ಅದನ್ನು ಪಡೆಯಲು ಆಳುವವರ ಮನೆಬಾಗಿಲಿಗೆ ಶಾಸಕನನ್ನು ಕಳಿಸುವುದು ನ್ಯಾಯವೆಂದು ಒಮ್ಮೆ ಒಪ್ಪಿದರೆ, ಕೇಂದ್ರದಲ್ಲಿ ಯಾವ ಪಕ್ಷವೋ ರಾಜ್ಯದಲ್ಲಿಯೂ ಅದೇ ಇರಲಿ ಎಂಬುದನ್ನೂ ಒಪ್ಪಿದಂತೆ. ಆಗ 356ನೆಯ ಕಲಮು ಏತಕ್ಕೆ ಬೇಕು? ದಿಲ್ಲಿಯವರು ರಾಜ್ಯಪಾಲರಿಂದ ವರದಿ ತರಿಸಿಕೊಂಡು, ಸಂಸತ್ತಿನ ಎದುರಿಗೆ ಉತ್ತರ ಹೇಳಿ, ನ್ಯಾಯಾಲಯಕ್ಕೆ ಅಂಜಿ ಮಾಡಬೇಕಾಗಿದ್ದ ಕೆಲಸವನ್ನು ನಾವೇ ಸ್ವಸಂತೋಷದಿಂದ ಮಾಡಿಕೊಟ್ಟಂತಾಯಿತು. ನಮ್ಮ ಶಾಸಕನ ಮತ ವಿಧಾನಸೌಧದಲ್ಲಿ ಮುಗಿಯುವುದಿಲ್ಲವೆಂಬುದನ್ನೂ ನೆನಪಿಡಿರಿ. ರಾಷ್ಟ್ರಪತಿಯವರ ಚುನಾವಣೆಯಲ್ಲಿ ಕರ್ನಾಟಕದ ಒಬ್ಬೊಬ್ಬ ಶಾಸಕನ ಮತದ ಮೌಲ್ಯ 131. ರಾಜ್ಯಸಭೆಯಲ್ಲಿರುವ ಕರ್ನಾಟಕದ 12 ಸದಸ್ಯರನ್ನು ಆರಿಸುವವರು ಶಾಸಕರೇ. ದಿಲ್ಲಿ ಅಷ್ಟು ಹತ್ತಿರ.

2023ರಲ್ಲಿ ಹಿರೇಕೆರೂರಿನವರು ಪಾಟೀಲರನ್ನು ಸೋಲಿಸಿದರು. ಗೆದ್ದ ಯು.ಬಿ. ಬಣಕಾರರೂ 2018ರಲ್ಲಿ ಎದುರಿನ ಪಕ್ಷದಿಂದ ನಿಂತವರೇ ಎಂದು ಕೆಲವರು ನಗುತ್ತಾರೆ. ಅವೆರಡೂ ಒಂದೇ ಅಲ್ಲ. ಚುನಾವಣೆಗೆ ಮುಂಚೆ ಪಕ್ಷ ಬಿಟ್ಟವನು ತನ್ನ ಹೊಸ ಚಿಹ್ನೆಯನ್ನು ತೋರಿಸಿಯೇ ಮತ ಕೇಳುತ್ತಾನೆ. ನಡುವೆ ಬಿಟ್ಟವನು ಒಂದು ಚಿಹ್ನೆಗೆ ಪಡೆದ ಮತದಿಂದ ಇನ್ನೊಂದು ಚಿಹ್ನೆಯ ಸರಕಾರಕ್ಕೆ ದಾರಿ ಮಾಡುತ್ತಾನೆ.

ಇಲ್ಲಿ ಕಾನೂನಿನ ಮಾತೊಂದು ಉಳಿಯಿತು. 1985ರ 52ನೆಯ ತಿದ್ದುಪಡಿಯಿಂದ ಪಕ್ಷಾಂತರ ನಿಷೇಧದ ಹತ್ತನೆಯ ಅನುಸೂಚಿ ಬಂದಿತು. 2003ರ 91ನೆಯ ತಿದ್ದುಪಡಿ ಅದನ್ನು ಬಿಗಿಗೊಳಿಸಿ, ಅನರ್ಹನಾದವನು ಅವನ ಸದಸ್ಯತ್ವದ ಅವಧಿ ಮುಗಿಯುವ ತನಕ ಅಥವಾ ಮತ್ತೆ ಆರಿಸಿ ಬರುವ ತನಕ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಮಂತ್ರಿಯಾಗಬಾರದೆಂದು ವಿಧಿಸಿತು. ‘ಯಾವುದು ಮೊದಲೋ’ ಎಂಬ ಆ ಮಾತೇ ಬೇಲಿಯಲ್ಲಿ ಬಿಟ್ಟ ಕಂಡಿ. ಜುಲೈಯಲ್ಲಿ ರಾಜೀನಾಮೆ, ಡಿಸೆಂಬರದಲ್ಲಿ ಮರುಆಯ್ಕೆ, ಮುಂದೆ ಮಂತ್ರಿಪದವಿ. ನಾಲ್ಕೈದು ತಿಂಗಳಲ್ಲಿ ಕಂಡಿ ದಾಟಬಹುದು. ಆ ಮರುಆಯ್ಕೆಯ ಪದಗಳನ್ನು ತೆಗೆದು, ನಡುವೆ ಬಿಟ್ಟುಹೋದವನು ಆ ವಿಧಾನಸಭೆಯ ಪೂರ್ಣ ಅವಧಿ ಮುಗಿಯುವ ತನಕ ಮಂತ್ರಿಯಾಗಕೂಡದೆಂದು ಬರೆದರೆ, ರಾಜೀನಾಮೆ ಕೊಡುವವರ ಸಾಲು ತಾನಾಗಿ ಕರಗುತ್ತದೆ. ಮನಸ್ಸಾಕ್ಷಿಗಾಗಿ ಬಿಡುವವನಿಗೆ ಇದರಿಂದ ಏನೂ ನಷ್ಟವಿಲ್ಲ.

ಇದನ್ನು ಬದಲಿಸುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ. ಮಂತ್ರಿಯಲ್ಲದ ಯಾವ ಸದಸ್ಯನೂ ಇಂಥ ತಿದ್ದುಪಡಿಯ ಮಸೂದೆಯನ್ನು ಖಾಸಗಿಯಾಗಿ ಮಂಡಿಸಬಹುದು. ಅದು ಪಾಸಾಗುವುದು ಕಠಿಣವೆಂಬುದು ನಿಜ: ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೆಯ ಎರಡು ಭಾಗ ಒಪ್ಪಬೇಕು. ಪಾಸಾಗದಿದ್ದರೂ, ಮಂಡಿಸುತ್ತೀರೋ ಇಲ್ಲವೋ, ಬೆಂಬಲಿಸುತ್ತೀರೋ ಇಲ್ಲವೋ ಎಂದು ಕೇಳುವುದಕ್ಕೆ ನಮಗೆ ಯಾರ ಅಪ್ಪಣೆಯೂ ಬೇಕಿಲ್ಲ. ಮಠದಲ್ಲಿ ಓದಿ ಇಂದು ವಕೀಲರು, ಶಿಕ್ಷಕರು, ಪಂಚಾಯತಿಯ ಸದಸ್ಯರು ಆಗಿರುವ ಹಳೆಯ ವಿದ್ಯಾರ್ಥಿಗಳು ತಂತಮ್ಮ ಊರಿನಲ್ಲಿ ಹತ್ತು ಜನರ ಸಹಿಯಿಂದ ಒಂದು ಪತ್ರವನ್ನು ಬರೆಯಲಿ. ನೆರೆಹೊರೆಯ ತಾಲೂಕುಗಳಾದರೂ ಲೋಕಸಭೆಗೆ ನಾವು ಎರಡು ಭಾಗ. ಹಾನಗಲ್ಲ, ಹಿರೇಕೆರೂರಿನವರ ಪತ್ರ ಹಾವೇರಿಯ ಸದಸ್ಯರಿಗೆ ಹೋಗಬೇಕು. 2024ರಲ್ಲಿ ಅಲ್ಲಿಂದ ಆರಿಸಿ ಹೋದವರು ಬೊಮ್ಮಾಯಿಯವರ ಪುತ್ರರೇ. ಶಿಗ್ಗಾಂವಿ, ಸವಣೂರಿನವರ ಪತ್ರ ಧಾರವಾಡದ ಸದಸ್ಯರಿಗೆ.